ಅತ್ತೆಯ ಎಡಸೊಂಟದ ಒರೆ

ನಂಜನಗೂಡಿನಲ್ಲಿ ಸೀರೆಗೆ ಹೊಂದುವ ಬ್ಲೌಸ್ ಪೀಸಿಗಾಗಿ ಅಂಗಡಿ ಅಂಗಡಿ ಅಲೆಯುವ ಹೆಂಗಸರು ಬೇಕಾದಷ್ಟು ಮಂದಿ ಇದ್ದಾರೆ. ಸೀರೆಗೆ ಹೊಂದುವ ರಿವಾಲ್ವರ್ ಒರೆಗಾಗಿ ಅಲೆದವರು, ನನಗೆ ತಿಳಿದಂತೆ, ನಮ್ಮ ಸೋದರತ್ತೆ ಒಬ್ಬರೇ! ನಗಬೇಡಿ. ನಕ್ಕವರನ್ನೆಲ್ಲ ಅವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಕಾಲವೊಂದಿತ್ತು. ನಿವೃತ್ತ ಹೆಡ್‌ಮಿಸ್ಟ್ರೆಸ್ ಅವರು. ನಿವೃತ್ತಿ ಆದದ್ದು ನೌಕರಿಗೆ, ಗದರುವುದಕ್ಕಲ್ಲ.

ರಿವಾಲ್ವರ್ ಅರಣ್ಯ ಇಲಾಖೆಯಲ್ಲಿದ್ದ ನಮ್ಮ ಮಾವನದು. ಅವರು ತೀರಿಕೊಂಡ ಮೇಲೆ ಅತ್ತೆ ಪಿಂಚಣಿಯ ಜೊತೆಗೆ ಅದರ ಲೈಸೆನ್ಸನ್ನೂ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅಂಗೈಯಗಲದ ಆ ವಸ್ತು ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿರುತ್ತಿತ್ತು. ಆಯುಧ ಪೂಜೆಯ ದಿನ ಮಾತ್ರ ಈಳಿಗೆಮಣೆಯ ಪಕ್ಕದಲ್ಲಿ ಕುಂಕುಮ ಇಡಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು.

ಅದು ನಿಜವಾಗಿ ಹೊರಗೆ ಬಂದದ್ದು ಹುಲ್ಲಹಳ್ಳಿಯ ಹುಡುಗಿಯೊಬ್ಬಳಿಗಾಗಿ. ಅತ್ತೆಯ ಹಳೇ ವಿದ್ಯಾರ್ಥಿನಿ. ಗಂಡ ಹೊಡೆದು ಅವಳ ಬಲಗೈ ಮುರಿದಿದ್ದ. ಗಂಡನ ಊರಿನ ಕಡೆಯ ತಿ. ನರಸೀಪುರದ ಕೋರ್ಟಿನಲ್ಲಿ ಕೇಸು. ‘ಸಾಕ್ಷಿ ಏಳಕ್ಕೆ ಬಾ, ದಾರೀಲೇ ನೋಡ್ಕತೀವಿ’ ಎಂದು ಗಂಡನ ಕಡೆಯವರು ಹೆದರಿಸಿದ್ದರು. ‘ಕೇಸೂ ಬ್ಯಾಡ, ಏನೂ ಬ್ಯಾಡ ಮಿಸ್’ ಎಂದು ಅಳುತ್ತ ಬಂದವಳಿಗೆ ಅತ್ತೆ ಹೇಳಿದ್ದಿಷ್ಟು: “ಅಳು ನಿಲ್ಸು. ಪೊಲೀಸ್ರಿಗೆ ಒಂದು ದೂರು ಕೊಡೋಣ. ಆಮೇಲೆ ನನ್ನ ಕಾರಲ್ಲೇ ಹೋಗೋಣ. ಅದ್ಯಾವನು ಬರ್ತಾನೋ ಬರ್ಲಿ!”

ನಮ್ಮಪ್ಪ, ಅಂದರೆ ಅತ್ತೆಯ ಅಣ್ಣ, ಎದೆ ಹಿಡಿದುಕೊಂಡರು. “ತಲೆತಲಾಂತರದಿಂದ ಈಶ್ವರನ ಪೂಜೆ ಮಾಡ್ಕೊಂಡು ಬಂದ ಮನೆ ಕಣೇ ಇದು! ಹೆಣ್ಣುಮಗಳು ಸೊಂಟಕ್ಕೆ ಬಂದೂಕ ಸಿಗಿಸ್ಕೊಂಡು ಓಡಾಡೋದಾ?”

“ಆ ಈಶ್ವರ ತ್ರಿಶೂಲ ಹಿಡ್ಕೊಂಡು ಓಡಾಡ್ತಾನಲ್ಲ, ಅವನ ಲೈಸೆನ್ಸ್ ನೋಡಿದೀಯಾ? ನನ್ನತ್ರ ಇದೆ!”

ಅಪ್ಪ ಸಂಧ್ಯಾವಂದನೆಗೆ ಎದ್ದು ಹೋದರು.

ಆದರೆ ಇಟ್ಟುಕೊಳ್ಳುವುದೆಲ್ಲಿ? ಕೈಚೀಲದಲ್ಲಿ ಇಡೋಣವೆಂದರೆ ಅದರಲ್ಲಿ ಆಗಲೇ ಕನ್ನಡಕ, ಬಿ.ಪಿ. ಮಾತ್ರೆ, ಅಡಿಕೆಪುಡಿ, ಸ್ವಾಮಿಯ ಪ್ರಸಾದ. ಹುಡುಕಿ ತೆಗೆಯುವಷ್ಟರಲ್ಲಿ ಬಂದವನು ಕಾಫಿ ಕುಡಿದು ಹೋಗಿರುತ್ತಾನೆ! ಕಾರು ಓಡಿಸುವವರು ತಾವೇ, ಬಲಸೊಂಟಕ್ಕೆ ಕಟ್ಟಿದರೆ ಬಾಗಿಲಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡು ಅತ್ತೆಗೆ ಇಳಿಯುವುದಕ್ಕೇ ಆಗಲಿಲ್ಲ. ಕೊನೆಗೆ ಹೊಳೆದದ್ದು ಎಡಸೊಂಟ. ಹಿಂದಿನ ರಾಜರು ಕತ್ತಿ ಹಿರಿಯುತ್ತಿದ್ದರಲ್ಲ, ಹಾಗೆ ಬಲಗೈಯನ್ನು ಹೊಟ್ಟೆಯ ಮುಂದಿನಿಂದ ಚಾಚಿ ಎಳೆಯುವುದು. ಕೂತಲ್ಲೇ ಕೈಗೆ ಸಿಗುತ್ತದೆ, ಸೀಟ್ ಬೆಲ್ಟೂ ಅಡ್ಡ ಬರುವುದಿಲ್ಲ. ಮಾವನ ಖಾಕಿ ಬೆಲ್ಟು ಅತ್ತೆಯ ಇಳಕಲ್ ಸೀರೆಯ ಮೇಲೆ ಏರಿತು.

ಒರೆ ಹೊಲಿಯುವ ಮೈಸೂರಿನ ಅಂಗಡಿಯವನು ಕೇಳಿದ: “ಯಾರಿಗಮ್ಮಾ ಒರೆ? ಯಜಮಾನರಿಗಾ?”

“ಯಜಮಾನಿಗೆ. ಅಳತೆ ತಗೋ.”

ತಂದ ಒರೆ ಅಲುಗಾಡದೆ ಕೂರುತ್ತದೋ ಇಲ್ಲವೋ ಪರೀಕ್ಷೆ ಆಗಬೇಕಲ್ಲ? ಅದಕ್ಕೆ ರಿವಾಲ್ವರನ್ನೇ ಕೊಂಡೊಯ್ಯುವುದು ಅತ್ತೆಯ ಲೆಕ್ಕದಲ್ಲಿ ಪೆದ್ದತನ. ಅವರು ಒರೆಯೊಳಗೆ ಇಟ್ಟದ್ದು ನಮ್ಮೂರ ರಸಬಾಳೆ ಹಣ್ಣು! “ಇದರ ಸಿಪ್ಪೆ ಕಾಗದದಷ್ಟು ತೆಳು ಕಣೋ. ನರಸೀಪುರಕ್ಕೆ ಹೋಗಿ ಬರೋವರೆಗೂ ನಲುಗದೆ ಇದ್ರೆ ಒರೆ ಪಾಸು.” ಮೊದಲ ಒರೆ ತೆಳು ಬಟ್ಟೆಯದು, ರಸ್ತೆಯ ಒಂದೊಂದು ಉಬ್ಬಿಗೂ ಬಗ್ಗಿ ಬಗ್ಗಿ ನಮಸ್ಕಾರ ಮಾಡಿತು. ವಾಪಸು ಬರುವಷ್ಟರಲ್ಲಿ ಸೊಂಟದಲ್ಲಿ ರಸಾಯನ ತಯಾರು, ಏಲಕ್ಕಿ ಒಂದು ಹಾಕಬೇಕಿತ್ತು. ಎರಡನೆಯದು ಚರ್ಮದ್ದೇ, ಆದರೆ ಬೆಲ್ಟಿಗೆ ಒಂದೇ ಕುಣಿಕೆ, ದಾರಿಯುದ್ದಕ್ಕೂ ಓಲಾಡಿತು. ಅದೂ ಫೇಲು.

ಮೂರನೆಯದರ ಪರೀಕ್ಷೆಯ ದಿನ ದಾರಿಯಲ್ಲಿ ವಾಹನ ತಪಾಸಣೆ. ಕಾನ್‌ಸ್ಟೇಬಲ್ ಒಳಗೆ ಇಣುಕಿದವನೇ ಎರಡು ಹೆಜ್ಜೆ ಹಿಂದೆ ಸರಿದ. “ಏನಮ್ಮ ಅದು ಸ್ವಂಟದಲ್ಲಿ? ನಿಧಾನಕ್ಕೆ ಈಚೆಗೆ ತಗೀರಿ!” ಅತ್ತೆ ನಿಧಾನಕ್ಕೆ ಕೈ ಹಾಕಿ, ಒಂದು ಚುಕ್ಕೆಯೂ ಇಲ್ಲದ ರಸಬಾಳೆಯನ್ನು ಹಿರಿದು ಚಾಚಿದರು. ಅವನು ಅದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಇದುಕ್ಕೂ ಲೈಸೆನ್ಸ್ ಮಾಡ್ಸಿದೀರಾ ಮೇಡಂ?”

“ಇದಕ್ಕೆ ಬೇಡ, ತಿನ್ನು. ನಲುಗಿಲ್ಲ ನೋಡು! ಪಾಸು!” ಅತ್ತೆಯ ಸಂತೋಷ ಹೇಳತೀರದು.

ಪಾಸಾದ ಒರೆಯನ್ನೂ ಅವರು ಮತ್ತೆ ಅಂಗಡಿಗೆ ಒಯ್ದರು. ಅದು ಕೊಂಚ ಓರೆಯಾಗಿ ಕೂರುತ್ತಿತ್ತಂತೆ. ನಳಿಕೆಯ ಬಾಯಿ ಎಡಗಡೆ ಸೀಟಿಗೆ ತಿರುಗುತ್ತಿತ್ತಂತೆ. “ಆ ಸೀಟಲ್ಲಿ ಕೂರೋಳು ಹುಡುಗಿ ಕಣಯ್ಯಾ! ಬಾಯಿ ನೆಲ ನೋಡ್ಬೇಕು, ನೆಟ್ಟಗೆ ಹೊಲಿ!” ಅವನು ಬಿಚ್ಚಿ ಹೊಲಿದ.

ಎಲ್ಲ ಸರಿಹೋಯಿತು ಎನ್ನುವಾಗ ಬಂತು ನೋಡಿ ಚುನಾವಣೆ! ಲೈಸೆನ್ಸಿನ ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂಬ ಆಜ್ಞೆ. ಅತ್ತೆ ಜಗಳವಾಡಿದರು, ಕೊನೆಗೆ ಒಪ್ಪಿಸಿ ರಸೀತಿ ತಂದರು. ಹುಡುಗಿಯ ಸಾಕ್ಷಿ ಅದರ ಮರುವಾರವೇ. ಅಪ್ಪನಿಗೆ ಹೋದ ಜೀವ ಬಂದಂತಾಯಿತು. “ಸದ್ಯ! ಇನ್ನಾದ್ರೂ ಮನೇಲಿ ಕೂತ್ಕೋ.”

“ಕಾರನ್ನೂ ಠಾಣೇಲಿ ಇಡು ಅಂದ್ರಾ? ಇಲ್ಲ ತಾನೆ?”

ಹೊರಟೇಬಿಟ್ಟರು. ಸೊಂಟದಲ್ಲಿ ಖಾಲಿ ಒರೆ, ಎಡಗಡೆ ಹುಡುಗಿ, ಹಿಂದಿನ ಸೀಟಿನಲ್ಲಿ ದೇವರ ನಾಮ ಹೇಳಿಕೊಳ್ಳುತ್ತ ನಾನು. ಒಂದು ಬೈಕು ಅರ್ಧ ದಾರಿ ನಮ್ಮ ಬೆನ್ನಿಗೇ ಬಂತು. ಅತ್ತೆ ಕಾರನ್ನು ರಸ್ತೆಯ ಮಧ್ಯಕ್ಕೇ ತಂದು, ಬೈಕಿನವನಿಗೆ ದಾರಿಯನ್ನೇ ಕೊಡದೆ ಓಡಿಸಿದರು. ಕೋರ್ಟಿನ ಗೇಟಿನ ಬಳಿ ಗಂಡನ ಕಡೆಯವರು ನಾಲ್ಕು ಜನ ದುರುಗುಟ್ಟಿಕೊಂಡು ನಿಂತಿದ್ದರು. ಅತ್ತೆ ಒರೆ ಬಿಚ್ಚಿ ಕಾರಿನಲ್ಲೇ ಇಟ್ಟು, ಸೆರಗು ಬಿಗಿದು, ಅವರ ನಡುವೆಯೇ ಹಾದುಹೋದರು. “ಏನ್ರೋ ನೋಡ್ತೀರ? ದಾರಿ ಬಿಡ್ರೋ!” ಬಿಟ್ಟರು ಸ್ವಾಮಿ, ಬಿಡದೆ ಏನು ಮಾಡ್ತಾರೆ!

ಒಳಗೆ ಹುಡುಗಿಯ ಹೆಸರು ಕೂಗಿದರು. ಅವಳು ಎದ್ದಳು. ಅತ್ತೆಯೂ ಎದ್ದರು, ಆದರೆ ಹೆಜ್ಜೆ ಮುಂದೆ ಹೋಗಲಿಲ್ಲ. ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಲೋ, ನನ್ನ ಮಾತು ಕೇಳ್ಕೊಂಡು ಬಂದ್ಬಿಟ್ಳಲ್ಲೋ. ಇವಳಿಗೇನಾದ್ರೂ ಆದ್ರೆ ನಾನೇನ್ ಮಾಡ್ಲೋ?” ಎಂದರು ನನ್ನ ಕಿವಿಯಲ್ಲಿ. ನಮ್ಮತ್ತೆಗೂ ಭಯವಾಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಹುಡುಗಿ ತಿರುಗಿ ನೋಡಿದಳು. ವಾಪಸು ಬಂದು, ಮುರಿದು ಕೂಡಿದ್ದ ಆ ಬಲಗೈಯಲ್ಲೇ ಅತ್ತೆಯ ಕೈ ಹಿಡಿದುಕೊಂಡಳು.

“ಎದ್ರುಕೋಬ್ಯಾಡಿ ಮಿಸ್,” ಎಂದಳು. “ನಾನಿವ್ನಿ.”

ಆಮೇಲೆ ಒಬ್ಬಳೇ ಹೋಗಿ ಕಟಕಟೆ ಹತ್ತಿದಳು.