ಹುಟ್ಟಿದಾಗಿಂದ ದಮ್ಮಿದೆ ಸಾರ್

ಡ್ರೈವಿಂಗ್ ಸ್ಕೂಲಿನ ಕಾರಲ್ಲಿ ಎಡಗಡೆ ಸೀಟು ಅಂತ ಒಂದಿದೆ ನೋಡಿ, ಅದರಲ್ಲಿ ಕೂತವನಿಗೆ ಬೇರೆ ಮನರಂಜನೆ ಬೇಕಿಲ್ಲ. ದಿನಾ ಏನಾದರೊಂದು ಆಗ್ತಾನೇ ಇರುತ್ತೆ. ಕಲಿಯೋರು ಎಡವಟ್ಟು ಮಾಡಿದರೆ ಒತ್ತೋದಕ್ಕೆ ಅಂತ ಆ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತೆ. ಮೈಸೂರಲ್ಲಿ ಆ ಸೀಟಲ್ಲಿ ಕೂತು ಕಲಿಸೋರು ಎಷ್ಟೋ ಜನ ಇರಬಹುದು, ನನ್ನ ಹಾಗೆ ಕಲಿಸೋನು ಇಲ್ಲ. ಇದನ್ನ ಬೇರೆಯವರು ಹೇಳಲಿ ಅಂತ ಕಾಯೋ ಅಭ್ಯಾಸ ನನಗಿಲ್ಲ. ಆದರೆ ಹೊಗಳಬೇಕಾದವರು ಇನ್ನೊಬ್ಬರಿದ್ದಾರೆ, ಅವರ ಸರದಿ ಬರುತ್ತೆ.

ಇಂಟರ್ವ್ಯೂ

ನನ್ನೂರು ನಂಜನಗೂಡಿನ ಆಚೆ. ತುಂಬಿದ ಟ್ರೈಲರ್ ಸಮೇತ ಟ್ರ್ಯಾಕ್ಟರನ್ನ ರಿವರ್ಸಲ್ಲಿ ಒಂದೇ ಏಟಿಗೆ ಕಣದೊಳಕ್ಕೆ ಹಾಕೋನು ಊರಿಗೆಲ್ಲ ನಾನೊಬ್ಬನೇ. ಅದೇ ಕಣದ ಹೊಟ್ಟಿನ ಧೂಳು ಮಾತ್ರ ಚಿಕ್ಕಂದಿನಿಂದ ನನಗೆ ಆಗಿಬರಲ್ಲ. ಎದೆಯೊಳಗೆ ಬೆಕ್ಕು ಮಲಗಿದ ಹಾಗೆ ಗೊರ್ ಗೊರ್. ಪೇಟೆಯವರು ಅಸ್ತಮಾ ಅಂತೀರಿ, ನಮ್ಮ ಕಡೆ ದಮ್ಮು.

ಕೆಲಸ ಕೇಳೋಕೆ ಹೋದಾಗ ಸ್ಕೂಲಿನ ಓನರ್ ನನ್ನ ಮೇಲಿಂದ ಕೆಳಗೆ ನೋಡಿದರು. "ಬ್ರೇಕ್ ಯಾವುದು ಅಂತ ಗೊತ್ತಿಲ್ಲದೋರನ್ನ ಕೂರಿಸ್ಕೊಂಡು ಈ ಟ್ರಾಫಿಕ್‌ನಲ್ಲಿ ಹೋಗಬೇಕು. ದಮ್ಮಿದ್ಯಾ?"

"ಹುಟ್ಟಿದಾಗಿಂದ ಇದೆ ಸಾರ್!"

ಒಂದೇ ಮಾತಲ್ಲಿ ಎರಡು ನಿಜ ಹೇಳಿದ್ದೆ. ಅವರಿಗೆ ಒಂದೇ ಕೇಳಿಸ್ತು, ಕೆಲಸ ಸಿಕ್ತು. ಇನ್ನೊಂದು ಕೇಳಿಸಿದ ದಿನ ಕೆಲಸ ಹೋಗುತ್ತೆ ಅನ್ನೋದೂ ಗೊತ್ತಾಯ್ತು. ಯಾಕಂದ್ರೆ ನನಗಿಂತ ಮುಂಚೆ ಆ ಸೀಟಲ್ಲಿದ್ದವನು ಬಾಯ್ತಪ್ಪಿ ಬೆನ್ನುನೋವು ಅಂದಿದ್ದಕ್ಕೆ, "ಮನೇಲಿ ಮಲ್ಕೋ ಹೋಗು" ಅಂತ ಕಳಿಸಿಬಿಟ್ಟಿದ್ದರಂತೆ.

ಎಡಕ್ಕೆ

ಆ ಚಳಿಗಾಲದಲ್ಲಿ ನನ್ನೆದೆ ನನಗೆ ನಿದ್ದೆ ಮಾಡೋಕೆ ಬಿಡಲಿಲ್ಲ. ಮಲಗಿದರೆ ಕೆಮ್ಮು, ಕೂತರೆ ತೂಕಡಿಕೆ. ಬೆಳಿಗ್ಗೆ ತಲೆ ಅನ್ನೋದು ಅಂಬಲಿ. ಕ್ಲಚ್ ಅನ್ನೋಕೆ ಬ್ರೇಕ್ ಅಂತಿದ್ದೆ, ಬಲಕ್ಕೆ ಅನ್ನೋಕೆ ಎಡಕ್ಕೆ ಅಂತಿದ್ದೆ. ಯಾರಾದರೂ ತಿರುಗಿ ಕೇಳಿದರೆ ಸಿಟ್ಟು ಬೇರೆ.

ಒಂದು ದಿನ ಬ್ಯಾಂಕಿನ ಹುಡುಗನೊಬ್ಬ ಓಡಿಸ್ತಿದ್ದ. ಬಲು ವಿಧೇಯ.

"ಎಡಕ್ಕೆ ತಗೊಳ್ಳಿ" ಅಂದೆ.

"ಸಾರ್, ಎಡಕ್ಕಾ?"

"ಹೇಳಿದಷ್ಟು ಮಾಡ್ರೀ!"

ಮಾಡಿದ. ಎಡಕ್ಕೆ ಇದ್ದದ್ದು ಮದುವೆ ಛತ್ರದ ಗೇಟು. ಬಾಳೆಕಂಬದ ಮಧ್ಯೆ ನೀಟಾಗಿ ನುಗ್ಗಿಸಿ ನಿಲ್ಲಿಸಿದ. ಅಲ್ಲಿದ್ದ ಹೆಣ್ಣುಮಗಳು ಕಾರಿನೊಳಕ್ಕೇ ಪನ್ನೀರು ಚಿಮುಕಿಸಿ, "ಗಂಡಿನ ಕಡೆಯೋರಾ?" ಅಂದರು. ಗುರು ದಾರಿ ತಪ್ಪಿದ ಅಂತ ಶಿಷ್ಯನ ಎದುರಿಗೆ ಒಪ್ಪೋದುಂಟೇ? "ಹೂಂ, ದೂರದ ಸಂಬಂಧ" ಅಂದೆ. ಒಬ್ಬಟ್ಟು ಹಾಕಿಸ್ಕೊಂಡು ಉಂಡು ಬಂದ್ವಿ.

ಮಾರನೇ ದಿನ ಅದೇ ರಸ್ತೆಗೆ ಬಂದಾಗ ಹುಡುಗ ಸ್ಲೋ ಮಾಡಿ ಕೇಳಿದ: "ಸಾರ್, ಇವತ್ತೂ ಎಡಕ್ಕಾ?"

ಬಾಯಿ ವಾಸನೆ

ಕೃಷ್ಣಮೂರ್ತಿಪುರಂನಿಂದ ಒಬ್ಬರು ರಿಟೈರ್ಡ್ ಟೀಚರ್ ಮೇಡಂ ಕಲಿಯೋಕೆ ಬರ್ತಿದ್ದರು. ತರಗತಿಯಲ್ಲಿ ಹುಲಿಯಂತೆ. ಸ್ಟೇರಿಂಗ್ ಹಿಡಿದರೆ ಮಾತ್ರ, ಎದುರಿಗೆ ಹಸು ಬಂದರೂ ನಿಲ್ಲಿಸಿ, "ನೀನೇ ಹೋಗಮ್ಮಾ" ಅಂತ ದಾರಿ ಬಿಡೋರು. ನಾನು ದಿನಾ ಹೇಳಿದ್ದನ್ನೇ ಹೇಳ್ತಿದ್ದೆ: "ಗಾಬರಿ ಆದ್ರೆ ನ್ಯೂಟ್ರಲ್‌ಗೆ ಬನ್ನಿ ಮೇಡಂ. ಆಮೇಲೆ ಕ್ಲಚ್ಚು ಮೆಲ್ಲಗೆ, ಮೆಲ್ಲಗೆ ಬುಡಿ."

ಅವರಿಗೆ ಧೈರ್ಯ ಹೇಳ್ತಿದ್ದ ನನ್ನ ಕಥೆ ಏನು ಗೊತ್ತಾ? ದಮ್ಮು ಬಂದುಬಿಟ್ಟರೆ ಅನ್ನೋ ಭಯಕ್ಕೇ ಎದೆ ಬಿಗಿಯೋದು. ಎದೆ ಬಿಗೀತು ಅಂತ ಇನ್ನಷ್ಟು ಭಯ. ಯಾವುದು ಭಯ, ಯಾವುದು ದಮ್ಮು ಅಂತ ತಿಳೀದೆ ಎರಡಕ್ಕೂ ಕಿಟಕಿ ಕಡೆ ತಿರುಗಿ ಇನ್‌ಹೇಲರ್ ಪುಸ್ ಪುಸ್ ಅಂತ ಹೊಡ್ಕೊಳ್ಳೋದು.

"ಏನಪ್ಪಾ ಅದು?" ಅಂದರು ಮೇಡಂ ಒಂದು ದಿನ.

"ಮೌತ್ ಫ್ರೆಶ್ನರ್ ಮೇಡಂ. ಬೆಳಿಗ್ಗೆ ಈರುಳ್ಳಿ ಜಾಸ್ತಿ ತಿಂದ್ಬುಟ್ಟೆ."

ಮೇಡಂ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಹಂಗಾ. ನಮ್ಮನೆಯವರೂ ಈರುಳ್ಳಿ ತಿಂದಾಗ ಅದನ್ನೇ ಎದೆಗೆ ಎಳ್ಕೋತಾರೆ."

ಕಾಲು ತೆಗಿ

ಒಂದು ದಿನ ಮೇಡಂ ಓಡಿಸ್ತಿದ್ದಾಗ ಗೋಕುಲಂನಲ್ಲಿ ಯಾರೋ ಒಣಗಿದೆಲೆ ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ದರು. ಆ ಹೊಗೆಯೊಳಗೆ ನುಗ್ಗಿ ಆಚೆ ಬರೋ ಹೊತ್ತಿಗೆ ನನ್ನ ಗಂಟಲಿಗೆ ಬೀಗ ಬಿದ್ದಿತ್ತು. ಜೇಬಿಂದ ಇನ್‌ಹೇಲರ್ ತೆಗೆದು ಒತ್ತಿದೆ. ಏನೂ ಬರಲಿಲ್ಲ. ಭಯಕ್ಕೆಲ್ಲ ಹೊಡೆದು ಹೊಡೆದು ಖಾಲಿ ಮಾಡಿದ್ದೆ. ಆ ಕ್ಷಣ ಊರು, ಟ್ರ್ಯಾಕ್ಟರು, ನನ್ನ ಜಂಬ, ಒಂದೂ ನೆನಪಾಗಲಿಲ್ಲ. ಸತ್ತೇ ಹೋಗ್ತೀನಿ ಅನ್ನಿಸ್ತು.

ಮೇಡಂ ನನ್ನ ಮುಖ ನೋಡಿದರು. ಹಸುವಿಗೆ ದಾರಿ ಬಿಡ್ತಿದ್ದ ಆ ಮೇಡಂ ಎಲ್ಲಿಗೆ ಹೋದರೋ ಗೊತ್ತಿಲ್ಲ. ಹಾರ್ನ್ ಒತ್ತಿ, ಆಸ್ಪತ್ರೆ ಕಡೆ ಗಾಡಿ ತಿರುಗಿಸಿದರು. ಆದರೆ ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಗಾಡಿ ತಿಣುಕುತ್ತೆ, ಮುಂದಕ್ಕೆ ಹೋಗಲ್ಲ. ಮತ್ತೆ ಮತ್ತೆ ಆಫ್ ಆಗುತ್ತೆ. ಮೇಡಂ ಬಗ್ಗಿ ನೋಡಿದರು.

"ಕಾಲು ತೆಗಿಯೋ ಬ್ರೇಕಿಂದ! ಓಡಿಸ್ತಿರೋದು ನಾನು ಕಣೋ!"

ಭಯಕ್ಕೆ ನನ್ನ ಕಡೆಯ ಬ್ರೇಕನ್ನ ಎರಡೂ ಕಾಲಲ್ಲಿ ಮೆಟ್ಟಿಕೊಂಡು ಕೂತಿದ್ದೆ! ತೆಗೆದೆ. ಗಾಡಿ ಹಾರಿತು.

"ಗಾಬರಿ ಆಗ್ಬೇಡ. ನ್ಯೂಟ್ರಲ್‌ಗೆ ಬಾ. ಕ್ಲಚ್ ಬಿಡೋ ಹಾಗೆ ಉಸಿರು ಬಿಡು. ಮೆಲ್ಲಗೆ... ಮೆಲ್ಲಗೆ..."

ನಾನೇ ಹೇಳಿಕೊಟ್ಟ ಪಾಠ! ಉಸಿರು ಪೂರ್ತಿ ಸಿಗಲಿಲ್ಲ, ಆದರೆ ಆಸ್ಪತ್ರೆವರೆಗೂ ಜೀವ ಹಿಡಿಯೋಕಾಯ್ತು. ಅಲ್ಲಿ ಮೂಗು ಬಾಯಿಗೆ ಮಾಸ್ಕ್ ಇಟ್ಟು ಔಷಧಿಯ ಹೊಗೆ ಕೊಟ್ಟರು. ಎದೆಯೊಳಗಿನ ಬೆಕ್ಕು ಎದ್ದು ಹೋಯ್ತು.

ಆಮೇಲೆ ಡಾಕ್ಟರು ಕೂರಿಸ್ಕೊಂಡು ವಿಚಾರಿಸಿದರು. "ದಮ್ಮು ಎದೇಲಿ ಮಾತ್ರ ಇರಲ್ಲಪ್ಪಾ. ನಿದ್ದೆ ಕೆಡಿಸುತ್ತೆ. ನಿದ್ದೆ ಕೆಟ್ಟರೆ ತಲೆ ಕೆಡುತ್ತೆ, ಮನಸ್ಸೂ ಕುಗ್ಗುತ್ತೆ. ದಿನಾ ತಗೊಳ್ಳೋ ಔಷಧಿ ಬೇರೆ ಇದೆ, ಅದನ್ನ ಬಿಡದೆ ತಗೋಬೇಕು. ಭಯದ ವಿಷಯಾನೂ ಬಾಯಿಬಿಟ್ಟು ಹೇಳ್ಬೇಕು, ಅದಕ್ಕೂ ದಾರಿ ಇದೆ. ಮರೆವು ಇದ್ಯಾ? ಸಿಟ್ಟು? ಭಯ?"

"ಭಯಾನಾ? ನನಗಾ?" ಅಂತ ಎದೆ ಸೆಟೆಸಿದೆ.

ಬಾಗಿಲ ಹತ್ತಿರ ನಿಂತಿದ್ದ ಮೇಡಂ ಅಂದರು: "ಎಲ್ಲಾ ಇದೆ ಡಾಕ್ಟ್ರೇ, ಬರ್ಕೊಳ್ಳಿ."

ಅಂಟುತ್ತಾ?

ಸುದ್ದಿ ನನಗಿಂತ ಮುಂಚೆ ಆಫೀಸು ಮುಟ್ಟಿತ್ತು. ಕೆಲವು ದಿನ ಬಿಟ್ಟು, ಕೆಲಸ ಮಾಡಬಹುದು ಅಂತ ಡಾಕ್ಟರು ಹೇಳಿದ ಮೇಲೆ ಹೋದೆ. ಓನರ್ ಟೇಬಲ್ ಗುದ್ದಿದರು.

"ದಮ್ಮಿದೆ ಅಂತ ಹೇಳಿದ್ಯಲ್ಲೋ ಅವತ್ತು!"

"ಅದನ್ನೇ ಹೇಳಿದ್ದೆ ಸಾರ್. ನೀವು ಬೇರೆ ದಮ್ಮು ಅನ್ಕೊಂಡ್ರಿ."

"ಬಾಯಿಗೇನೂ ಕಮ್ಮಿ ಇಲ್ಲ. ಇನ್ಮೇಲೆ ನಿನ್ನ ಪಕ್ಕ ಯಾರು ಕೂರ್ತಾರೆ?"

"ನಾನು ಕೂರ್ತೀನಿ" ಅಂದರು ಬಾಗಿಲಲ್ಲಿ ಮೇಡಂ. ಆ ದಿನದ ಕ್ಲಾಸಿಗೆ ಬಂದಿದ್ದರು. "ಔಷಧಿ ಸರಿಯಾಗಿ ತಗೋತಿದ್ದಾನೆ, ನಿದ್ದೆ ಮಾಡ್ತಿದ್ದಾನೆ, ನಾನೇ ದಿನಾ ಫೋನ್ ಮಾಡಿ ಕೇಳ್ತೀನಿ. ಗಾಡಿ ಅಂದ್ರೆ ಕೈಕಾಲು ನಡುಗ್ತಿತ್ತು ಕಣ್ರೀ ನನಗೆ. ಈಗ ಒಬ್ಬಳೇ ಓಡಿಸ್ತೀನಿ ಅನ್ನಿಸುತ್ತೆ. ಇವನಿಗೆ ದಮ್ಮು ಬಂತು ನೋಡಿ, ಇವನಿಂದ ನನಗೂ ದಮ್ಮು ಬಂತು!"

ನನ್ನ ಕಣ್ಣು ತುಂಬಿತು. ಧೂಳಿಗೆ ಅಂತ ಈಗಲೂ ಹೇಳ್ತೀನಿ, ನಂಬೋರು ನಂಬಲಿ.

ಓನರ್ ಮಾತ್ರ ಗಡಬಡಿಸಿ ಕುರ್ಚಿ ಹಿಂದಕ್ಕೆಳೆದು, ಮೂಗಿಗೆ ಕರ್ಚೀಫ್ ಒತ್ತಿಕೊಂಡರು. "ಅಯ್ಯೋ ಮೇಡಂ! ಅದು ಅಂಟುತ್ತಾ?"

"ಅಂಟುತ್ತೆ ಕಣ್ರೀ" ಅಂದರು ಮೇಡಂ, ಕಾರಿನ ಕೀ ಎತ್ತಿಕೊಳ್ಳುತ್ತಾ. "ಈ ಹುಡುಗನ್ನ ಕೆಲಸದಲ್ಲಿ ಇಟ್ಕೊಳ್ಳೋವಷ್ಟು ನಿಮಗೂ ಸ್ವಲ್ಪ ಅಂಟಲಿ."