ಕಸ್ತೂರಿ ಕಟ್ಟಿದ ಜಳಕದ ಉಂಡಿ

ಕಸ್ತೂರಿಗೆ ಸಿಟ್ಟು ಬರಲು ಕಾರಣವೇ ಬೇಕಿಲ್ಲ ಎಂದು ಅವಳ ಗಂಡ ಮಲ್ಲಿನಾಥ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅದು ಶುದ್ಧ ಸುಳ್ಳು. ಕಾರಣ ಇತ್ತು, ಅದರ ಹೆಸರು ಬೋರವ್ವ. ಕಾಖಂಡಕಿ ಹಳ್ಳಿಯಲ್ಲಿ ಹೊಲ, ಎಮ್ಮೆ ಮತ್ತು ತನ್ನ ಬಾಯಿ ಮೂರನ್ನೂ ಬಿಗಿಯಾಗಿ ಹಿಡಿದುಕೊಂಡು ಕುಳಿತ ಅತ್ತೆ. ಈ ಅತ್ತೆ ಸೊಸೆಯನ್ನು ಎಂದೂ ಬೈದವಳಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಕಸ್ತೂರಿ ಏನು ಮಾಡಿ ಮುಂದಿಟ್ಟರೂ ಬೋರವ್ವ ಅದನ್ನು ಒಮ್ಮೆ ನೋಡಿ, "ಇರ್ಲಿ ಬಿಡು" ಅನ್ನುತ್ತಿದ್ದಳು. ಅಷ್ಟೇ.

ಹೊಸ ಸೊಸೆಯಾಗಿ ಬಂದಾಗ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ಬದನೆಕಾಯಿ ಎಣಗಾಯಿ ಮಾಡಿದ್ದಳು. ಇರ್ಲಿ ಬಿಡು. ಕಸೂತಿ ಹಾಕಿ ಕುಬಸ ಹೊಲಿದು ಕೊಟ್ಟಿದ್ದಳು. ಇರ್ಲಿ ಬಿಡು. ಗಂಡುಕೂಸು ಹೆತ್ತು ತೊಡೆಯ ಮೇಲೆ ಹಾಕಿದಾಗ ಮುದುಕಿ ಅದರ ಕೈಕಾಲು ತಿರುವಿ ತಿರುವಿ ನೋಡಿ ಅದನ್ನೇ ಅಂದಿದ್ದಳು. (ಆ ಕೂಸು ಈಗ ಕಾಲೇಜಿನಲ್ಲಿದೆ. ಅದರ ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಆ ಮಾತು ಸರಿಯಾಗಿಯೇ ಒಪ್ಪುತ್ತದೆ, ಅದು ಬೇರೆ ವಿಷಯ.)

ಹೋಗಲಿ, ಮುದುಕಿಗೆ ಹೊಗಳುವುದೇ ಗೊತ್ತಿಲ್ಲ ಅನ್ನೋಣವೆಂದರೆ ಅದೂ ಅಲ್ಲ. ಟಿಕೋಟಾದಲ್ಲಿ ಕಸ್ತೂರಿಯ ನೆಗೆಣ್ಣಿ ಇದ್ದಾಳೆ, ಮಲ್ಲಿನಾಥನ ಅಣ್ಣನ ಹೆಂಡತಿ. ದ್ರಾಕ್ಷಿ ತೋಟದವರು. ವರ್ಷಕ್ಕೊಮ್ಮೆ ಒಂದು ಚೀಲ ಒಣದ್ರಾಕ್ಷಿ ತಂದು ಅತ್ತೆಯ ಮುಂದೆ ಸುರಿದರೆ ಸಾಕು, "ಹಿರಿ ಸೊಸಿ ಮನಿ ಮಣೂಕ ಭಾಳ ಛಲೋ ಅದಾವ" ಎಂದು ಬೋರವ್ವ ಓಣಿಗೆಲ್ಲ ಹಂಚುತ್ತಾಳೆ. ದ್ರಾಕ್ಷಿ ಬೆಳೆದದ್ದು ಬಳ್ಳಿ. ಒಣಗಿಸಿದ್ದು ಬಿಸಿಲು. ಇದರಲ್ಲಿ ನೆಗೆಣ್ಣಿ ಕಡಿದು ಕಟ್ಟೆ ಹಾಕಿದ್ದೇನು? ಈ ಪ್ರಶ್ನೆಯನ್ನು ಕಸ್ತೂರಿ ಗಂಡನಿಗೆ ಅದೆಷ್ಟು ಸಲ ಕೇಳಿದ್ದಾಳೋ, ಅವನು ಪ್ರತಿ ಸಲವೂ ಪೇಪರು ಬಿಡಿಸಿ ಮುಖಕ್ಕೆ ಹಿಡಿಯುತ್ತಾನೆ. ಅದೂ ಸಿಟ್ಟಿಗೆ ಕಾರಣವೇ.

"ಸಾಯೂದ್ರೊಳಗ ಆ ಮುದುಕಿ ಬಾಯಿಲೆ 'ಛಲೋ ಆಗೇತಿ' ಅನಸದಿದ್ರ ನನ್ನ ಹೆಸರ ಕಸ್ತೂರಿ ಅಲ್ಲ" ಎಂದು ಅವಳು ವಿಜಯಪುರದ ಅಥಣಿ ರಸ್ತೆಯ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಶಪಥ ಮಾಡಿದಳು. ಸಾಯುವುದು ಯಾರು ಎಂಬುದನ್ನು ಸ್ಪಷ್ಟಪಡಿಸಲಿಲ್ಲ.

ಶಪಥ ಕೇಳಿಸಿಕೊಂಡವಳು ಪಕ್ಕದ ಮನೆಯ ಶಬನಮ. ಮನೆಯ ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟುಕೊಂಡ ಆಕೆ ಮೊಬೈಲು ತೆಗೆದು ತೋರಿಸಿದಳು. ಅದರಲ್ಲಿ ಒಬ್ಬ ಹೆಣ್ಣುಮಗಳು ಬಣ್ಣದ ಉಂಡೆಯೊಂದನ್ನು ನೀರಿಗೆ ಹಾಕಿದಳು. ಉಂಡೆ ಬುಸುಗುಟ್ಟುತ್ತ ಕರಗಿ, ನೀರೆಲ್ಲ ಗುಲಾಬಿಯಾಗಿ, ಆಕೆ ಅದರಲ್ಲಿ ಕಣ್ಣು ಮುಚ್ಚಿ ಮಲಗಿದಳು.

"ಇದಕ್ಕ ಬಾತ್ ಬಾಂಬ್ ಅಂತಾರ, ಕಸ್ತೂರಕ್ಕ. ಮನ್ಯಾಗ ಮಾಡಬೌದು. ಅಡಿಗಿ ಸೋಡಾ, ಲಿಂಬಿ ಉಪ್ಪು, ಕಾರ್ನ್‌ಫ್ಲೋರ್, ಒಂದೀಟ ಕೊಬ್ಬರಿ ಎಣ್ಣಿ. ಮ್ಯಾಲ ಸೆಂಟು, ಬಣ್ಣ, ಗುಲಾಬಿ ಪಕಳಿ."

"ಟಿಕೋಟಾದಾಕಿಗೆ ಇದು ಬರ್ತೈತೇನು?"

"ಆಕೀಗೆ ಎಲ್ಲಿಂದ ಬರಬೇಕು ಬಿಡ್ರಿ."

ಅಷ್ಟು ಸಾಕಾಯಿತು. ಮರುದಿನವೇ ಕಸ್ತೂರಿಯ ಅಡುಗೆಮನೆ ಪ್ರಯೋಗಶಾಲೆಯಾಯಿತು. ಮೊದಲ ಸಲ ನೀರು ಸ್ವಲ್ಪ ಹೆಚ್ಚಾಗಿ ಚಿಮುಕಿಸಿದ್ದರಿಂದ ಪರಾತದಲ್ಲಿದ್ದ ಹಿಟ್ಟು ತಾನೇ ಬುಸುಗುಟ್ಟಿ ಉಬ್ಬಿ, ಉಕ್ಕಿ, ಗ್ಯಾಸಿನ ಒಲೆಯವರೆಗೂ ಹರಿಯಿತು. ಕಸ್ತೂರಿ ಅದಕ್ಕೂ ಬೈದಳು. ಬೈಸಿಕೊಂಡ ಹಿಟ್ಟು ಎರಡನೇ ಸಲ ತೆಪ್ಪಗೆ ಉಂಡೆಯಾಯಿತು. ಎಳ್ಳುಂಡೆ ಕಟ್ಟಿ ಪಳಗಿದ ಕೈ, ಇದೇನು ದೊಡ್ಡದು?

ಪರೀಕ್ಷೆಗೆ ಸಿಕ್ಕವನು ಮಲ್ಲಿನಾಥ. ಗೊಬ್ಬರ-ಬೀಜದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಸಾಧು ಮನುಷ್ಯ.

"ಮೊಬೈಲಿನ್ಯಾಗಿನಾಕಿ ಟಬ್ಬಿನ್ಯಾಗ ಮಲಗ್ಯಾಳ. ನಾ ಬಕೀಟಿನ್ಯಾಗ ಹೆಂಗ ಮಲಗ್ಲಿ?" ಎಂದು ಅವನು ಬಚ್ಚಲಿನಿಂದ ಕೇಳಿದ.

"ನಳ ಯಾವಾಗ ಬರ್ತೈತಂತ ಕಾಯೋ ಊರಾಗ ಟಬ್ ಬೇಕೇನು ನಿಮಗ? ಸುಮ್ನ ತಂಬಿಗಿಲೆ ಸುರಕೋರಿ."

ಸುರಿದುಕೊಂಡ. ಅವಸರದಲ್ಲಿ ಅಂಗಡಿಗೂ ಹೋದ. ಕಿವಿಯ ಹಿಂದೆ ಅಂಟಿಕೊಂಡ ಗುಲಾಬಿ ಪಕಳೆಯನ್ನು ಯಾರೂ ತೆಗೆದುಕೊಳ್ಳಲು ಹೇಳಲಿಲ್ಲ. ಸಂಜೆಯವರೆಗೆ ಗಿರಾಕಿಗಳು ಒಬ್ಬರನ್ನೊಬ್ಬರು ಕರೆದು ತೋರಿಸಿದರು. ಸಂಜೆ ಮನೆಗೆ ಬಂದವನ ಮುಖ ಕೆಂಪಗಿತ್ತು. ಅದು ಬಣ್ಣವೋ ಸಿಟ್ಟೋ ಹೇಳುವುದು ಕಷ್ಟ.

"ಅಡಿಗಿ ಸೋಡಾ ಹಾಕಿ ಭಜಿ ಮಾಡೂದು ಕೇಳೇನಿ, ಮನಷ್ಯಾನ್ನ ಭಜಿ ಮಾಡೂದು ಇವತ್ತ ನೋಡಿದೆ."

"ಎಣ್ಣ್ಯಾಗ ಬಿಟ್ಟಿಲ್ಲಲ್ಲ, ನೀರ ಹಾಕೇನಿ. ಅದಕ್ಕ ಉಳಕೊಂಡೀರಿ."

ದಸರೆ ಮುಗಿದ ಮೇಲೆ ಬೋರವ್ವ ಕಣ್ಣು ತೋರಿಸಲು ವಿಜಯಪುರಕ್ಕೆ ಬಂದಳು. ಕಸ್ತೂರಿ ಕಾಯುತ್ತಿದ್ದುದೇ ಇದಕ್ಕೆ. ಬಿಸಿನೀರು ಕಾಯಿಸಿ, ಬಕೆಟ್ಟಿಗೆ ಸುರಿದು, ಅತ್ತೆಯ ಕಣ್ಣೆದುರೇ ಉಂಡೆಯನ್ನು ಬಿಟ್ಟಳು. ನೀರು ಬುಸ್ಸೆಂದು ನೊರೆ ಎದ್ದಿತು. ಬೋರವ್ವ ಬಗ್ಗಿ ನೋಡಿದಳು.

"ಏನೇನ ಹಾಕೀದಿ ಇದಕ್ಕ?"

ಮದುವೆಯಾದಾಗಿನಿಂದ ಅತ್ತೆ ಕೇಳಿದ ಮೊದಲ ಪ್ರಶ್ನೆ. ಕಸ್ತೂರಿ ಉಬ್ಬಿಹೋಗಿ ಸೋಡಾದಿಂದ ಹಿಡಿದು ಕೊಬ್ಬರಿ ಎಣ್ಣೆಯವರೆಗೂ ಒಪ್ಪಿಸಿದಳು. ಬೋರವ್ವ ಇನ್ನೊಂದು ಉಂಡೆಯನ್ನು ಉಗುರಿನಿಂದ ಕೆರೆದು, ನಾಲಗೆಯ ತುದಿಗೆ ಹಚ್ಚಿ, ಕಣ್ಣು ಕಿರಿದು ಮಾಡಿ ಸವಿದಳು. ಜಳಕದ ಸಾಮಾನನ್ನು ನೆಕ್ಕಿ ನೋಡುವ ಹಳ್ಳಿ ಮುದುಕಿಗೆ ಏನು ಹೇಳುವುದು? ಕಸ್ತೂರಿ ಹಲ್ಲು ಕಚ್ಚಿಕೊಂಡು ಬಚ್ಚಲ ಬಾಗಿಲಲ್ಲೇ ನಿಂತಳು. ಜಳಕ ಮುಗಿಸಿ ಹೊರಬಂದ ಅತ್ತೆಯ ಮೈ ಗಮ್ಮೆನ್ನುತ್ತಿತ್ತು.

"ಹೆಂಗ ಆತ್ರಿ, ಅತ್ತಿ?"

"ಇರ್ಲಿ ಬಿಡು."

ಆ ದಿನ ಕಸ್ತೂರಿ ರೊಟ್ಟಿ ತಟ್ಟಿದ ಸದ್ದು ಶಬನಮಳ ಪಾರ್ಲರಿನವರೆಗೂ ಕೇಳಿಸಿತು. ಮರುದಿನ ಅತ್ತೆ ಬಸ್ಸು ಹತ್ತಿದ ಮೇಲೆ ನೋಡಿದರೆ ಉಂಡೆಯ ಡಬ್ಬಿ ಖಾಲಿ.

"ಛಲೋ ಅನ್ನಾಕ ಬಾಯಿಲ್ಲ, ಒಯ್ಯಾಕ ಚೀಲ ಐತಿ ನಿಮ್ಮವ್ವಗ" ಎಂದು ಅವಳು ಗಂಡನ ಮೇಲೆ ಹರಿಹಾಯ್ದಳು.

ಆದರೆ ಕೆಲವು ದಿನಗಳ ನಂತರ ಕಾಖಂಡಕಿಗೆ ಹೋಗಿ ಬಂದ ಮಲ್ಲಿನಾಥ ಚಪ್ಪಲಿ ಬಿಡುತ್ತ, ಎತ್ತಲೋ ನೋಡುತ್ತ ಅಂದ:

"ಅವ್ವಂದು ಉಂಡಿ ಮುಗದಾವಂತ. ಇನ್ನಷ್ಟು ಮಾಡಿ ಕಳಸಂತ ಹೇಳ್ಯಾಳ."

ಕಸ್ತೂರಿ ಅವನ ಚಪ್ಪಲಿಯನ್ನು ತಾನೇ ಎತ್ತಿ ಮೂಲೆಗಿಟ್ಟಳು. ಮಲ್ಲಿನಾಥ ಅಂಥ ಉಪಚಾರವನ್ನು ಆ ಮನೆಯಲ್ಲಿ ಎಂದೂ ಕಂಡಿರಲಿಲ್ಲ. ಅವತ್ತು ರಾತ್ರಿ ಊಟಕ್ಕೆ ತುಪ್ಪ ತೇಲುವ ಸಜ್ಜಕ ಬಿತ್ತು. ಸಜ್ಜಕ ತಿನ್ನುತ್ತ ಆ ಸಾಧು ಮನುಷ್ಯ ಒಂದು ನಿರ್ಧಾರಕ್ಕೆ ಬಂದ. ಅದೇನೆಂದು ಯಾರಿಗೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಅವನು ಹಳ್ಳಿಗೆ ಹೋದಾಗಲೆಲ್ಲ ಉಂಡೆಯ ಚೀಲ ಹೋಗುತ್ತಿತ್ತು, ಅತ್ತೆಯ ಅಪ್ಪಣೆ ಬರುತ್ತಿತ್ತು.

"ಗುಲಾಬಿ ಪಕಳಿ ಹಾಕಬ್ಯಾಡಂತ."

"ಹೂವು ದೇವರಿಗೆ ಏರಸೂದು, ಕಾಲಿಗೆ ಬೀಳಬಾರ್ದಂತ ಇರಬೇಕು. ಭಕ್ತಿ ಇದ್ದವರು."

"ಸೆಂಟೂ ಬ್ಯಾಡ, ಬಣ್ಣಾನೂ ಬ್ಯಾಡಂತ."

"ಸಾದಾ ಇರಬೇಕು ಅವರಿಗೆ. ಅದಕ್ಕ ದೊಡ್ಡ ಮನಸ್ಸು ಬೇಕು."

"ಅಜವಾನ ಹಾಕಂತ. ಮತ್ತ... ಒಂದೀಟ ಇಂಗು."

ಇಲ್ಲಿ ಕಸ್ತೂರಿಯೂ ಒಂದು ಗಳಿಗೆ ತಡವರಿಸಿದಳು. "ಇಂಗು? ಜಳಕಕ್ಕ?"

ಮಲ್ಲಿನಾಥ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ವಾತಕ್ಕ ಇರಬೇಕು" ಎಂದು ಕಸ್ತೂರಿ ತಾನೇ ಉತ್ತರ ಹುಡುಕಿಕೊಂಡಳು. "ಮೊಣಕಾಲ ನೋವು ಐತಲ್ಲ. ಹಳೇ ಮಂದಿಗೆ ಎಷ್ಟ ಗೊತ್ತಿರ್ತೈತಿ ನೋಡ್ರಿ."

ಅದೇ ಗಳಿಗೆಯಲ್ಲಿ ಟಿಕೋಟಾಕ್ಕೆ ಫೋನು ಹೋಯಿತು. "ಅಕ್ಕಾರ, ನಿಮ್ಮ ಮಣೂಕ ವರ್ಷಕ್ಕೊಮ್ಮೆ. ನನ್ನ ಉಂಡಿ ಇಲ್ಲಂದ್ರ ಅತ್ತಿಗೆ ಈಗ ದಿನಾ ನಡ್ಯಾಂಗಿಲ್ಲಂತ ನೋಡ್ರಿ." ಒಲೆಯ ಮೇಲೆ ಹಾಲು ಉಕ್ಕುತ್ತಿದೆಯೆಂದು ನೆಗೆಣ್ಣಿ ಫೋನು ಇಟ್ಟಳು. ಆ ನೆಪವನ್ನು ಕಸ್ತೂರಿ ಚಪ್ಪರಿಸಿಕೊಂಡು ಕೇಳಿದಳು.

ಇನ್ನುಳಿದಿದ್ದು ಆ ಒಂದು ಮಾತು. ಅದನ್ನು ಎಲ್ಲರ ಮುಂದೆ, ಅದರಲ್ಲೂ ನೆಗೆಣ್ಣಿಯ ಮುಂದೆ ಹೇಳಿಸಬೇಕು. ಅದಕ್ಕೆ ಎಳ್ಳಮಾವಾಸ್ಯೆ ಬಂತು. ಅವತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯೆಂದು ಬೆಳೆಯ ಮೇಲೆ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುವ ಹಬ್ಬ. ಕಸ್ತೂರಿ ರೇಷ್ಮೆ ಸೀರೆ ಉಟ್ಟು, ಒಂದೊಂದು ಉಂಡೆಗೂ ಬಣ್ಣದ ರಿಬ್ಬನ್ನು ಕಟ್ಟಿ, ಡಬ್ಬಿ ತುಂಬಿಕೊಂಡು, ಸಾಕ್ಷಿಗೆ ಶಬನಮಳನ್ನೂ ಕರೆದುಕೊಂಡು ಬಬಲೇಶ್ವರದ ಮೇಲಿಂದ ಕಾಖಂಡಕಿಗೆ ಇಳಿದಳು. ಮಲ್ಲಿನಾಥ ಯಾಕೋ ಬಸ್ಸಿನಲ್ಲಿ ಬೆವರುತ್ತಿದ್ದ.

ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಚರಗ ಚೆಲ್ಲಿ ಎಲ್ಲರೂ ಕಂಬಳಿಯ ಮೇಲೆ ಕುಳಿತರು. ಸಜ್ಜಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಬುಟ್ಟಿಯಿಂದ ಇಳಿದವು. ಕಸ್ತೂರಿ ಡಬ್ಬಿಯ ಮುಚ್ಚಳ ತೆಗೆದು ಅತ್ತೆಯ ಮುಂದಿಟ್ಟು, ನೆಗೆಣ್ಣಿ ನೋಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು, ಕೆಮ್ಮಿ, ಬಾಯಿ ತೆರೆದಳು.

ಆಗಲೇ ಬದುವಿನ ಆಚೆಯ ಹೊಲದಿಂದ ಗುರುಪಾದಯ್ಯ ಓಡಿ ಬಂದ.

"ಬೋರವ್ವಾ, ನಮ್ಮ ಎಮ್ಮಿ ಹಗ್ಗ ಹರಕೊಂಡು ಹಸಿ ಕಡ್ಲಿಗೆ ಬಿದ್ದೈತಿ. ಹೊಟ್ಟಿ ಉಬ್ಬಿ ನಗಾರಿ ಆಗೇತಿ. ನಿನ್ನ ಉಂಡಿ ಅದಾವೇನು?"

"ಬರ್ರಿ ಅಯ್ಯಾರ, ಈಗ ಬಂದಾವ" ಎಂದು ಬೋರವ್ವ ಡಬ್ಬಿಗೆ ಕೈ ಹಾಕಿದಳು.

ರಿಬ್ಬನ್ನು ಬಿಚ್ಚಿ ಎಸೆದಳು. ಉಂಡೆಯನ್ನು ನೀರಿನಲ್ಲಿ ಕಿವುಚಿದಳು. ಬುಸುಗುಟ್ಟುವ ನೀರನ್ನು ಗುರುಪಾದಯ್ಯ ತಂದಿದ್ದ ಬಿದಿರಿನ ಗೊಟ್ಟಕ್ಕೆ ತುಂಬಿ, ಬದು ದಾಟಿ ಹೋಗಿ ಎಮ್ಮೆಯ ಬಾಯಿ ಅಗಲಿಸಿ, ಗಂಟಲಿಗೆ ಇಳಿಸಿದಳು. ಅದರ ಎಡಪಕ್ಕೆಯನ್ನು ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿದಳು. ತುಸು ಹೊತ್ತಿನಲ್ಲಿ ಎಮ್ಮೆ ಇಡೀ ಹೊಲಕ್ಕೆ ಕೇಳುವಂತೆ ತೇಗಿತು.

"ಎಂಥಾ ಔಷಧ ಇದು" ಎಂದು ಗುರುಪಾದಯ್ಯ ಹಣೆಯ ಬೆವರು ಒರೆಸಿಕೊಂಡ. "ಮೊದಲಿನೂ ಕೆಲಸ ಮಾಡ್ತಿದ್ದೂ ಖರೆ. ಆದ್ರ ಪಕಳಿ ಗೊಟ್ಟದಾಗ ಸಿಕ್ಕೊಂತಿದ್ದೂ. ಹಾಲಿಗೆ ಸೆಂಟಿನ ವಾಸನಿ ಬಂದು ಡೇರಿಯವರು ತಿರುಗಿ ಕಳಿಸಿದ್ರು. ಅಜವಾನ, ಇಂಗು ಹಾಕಿದ ಮ್ಯಾಲ ನೋಡು, ಹೊಡತಕ್ಕ ತೇಗು. ಯಾವ ಡಾಕ್ಟರ ಮಾಡ್ತಾರ?"

"ನಮ್ಮ ಸಣ್ಣ ಸೊಸಿ" ಅಂದಳು ಬೋರವ್ವ.

ನೆಗೆಣ್ಣಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಶಬನಮ ಜೋಳದ ತೆನೆ ಎಣಿಸತೊಡಗಿದಳು. ಕಸ್ತೂರಿ ಗಂಡನ ಕಡೆ ತಿರುಗಿದಳು.

"ನಿಮಗ ಗೊತ್ತಿತ್ತು."

"ಹೇಳಿದ್ರ ನೀ ಸಿಟ್ಟಾಗ್ತಿದ್ದಿ" ಎಂದ ಮಲ್ಲಿನಾಥ. ಅವನು ಆಗಲೇ ಬಣವೆಯ ಆಚೆ ಅರ್ಧ ಮರೆಯಾಗಿದ್ದ.

ಕಸ್ತೂರಿಗೆ ಆ ಗಳಿಗೆಯಲ್ಲಿ ಬಂದ ಸಿಟ್ಟಿನ ಮುಂದೆ ಈವರೆಗಿನದೆಲ್ಲ ಬರೀ ತಾಲೀಮು. ಅತ್ತೆಯನ್ನು ಬೈಯಬೇಕು, ಗಂಡನನ್ನು ಬೈಯಬೇಕು, ಎಮ್ಮೆಯನ್ನಂತೂ ಬೈಯಲೇಬೇಕು. ಆದರೆ ಹಬ್ಬದ ದಿನ, ಹೊಲದಲ್ಲಿ, ನೆಗೆಣ್ಣಿಯ ಮುಂದೆ ಬಾಯಿ ಬಿಟ್ಟರೆ ಅದೇ ಸೋಲು. ಬಾಯಿ ಬಿಡದಿರಲು ಇದ್ದ ದಾರಿ ಒಂದೇ, ಅದನ್ನು ತುಂಬಿಸಿಡುವುದು. ಅವಳು ಶೇಂಗಾ ಹೋಳಿಗೆಯ ಬುಟ್ಟಿಯನ್ನು ಎಳೆದುಕೊಂಡಳು. ಒಂದು ಹೋಳಿಗೆ ಅತ್ತೆಗೆಂದು ಕಚ್ಚಿದಳು, ಒಂದು ಗಂಡನಿಗೆಂದು. ನೆಗೆಣ್ಣಿ ನಕ್ಕಾಗಲೆಲ್ಲ ಇನ್ನೊಂದು. ನೆಗೆಣ್ಣಿ ಅವತ್ತು ಬಹಳ ನಕ್ಕಳು.

ಹೊತ್ತು ಇಳಿಯುವಾಗ ಊರೊಳಗಿನ ಮನೆಗೆ ಮರಳಿ ಬಂದವಳು ಪಡಸಾಲೆಯಲ್ಲಿ ಅಂಗಾತ ಬಿದ್ದಳು. ಹೊಟ್ಟೆ ಕಲ್ಲಾಗಿತ್ತು. ಅತ್ತ ಹೊರಳಿದರೂ ಸಂಕಟ, ಇತ್ತ ಹೊರಳಿದರೂ ಸಂಕಟ. ಬೋರವ್ವ ಬಂದು ಪಕ್ಕದಲ್ಲಿ ಕುಳಿತು, ಸೊಸೆಯ ಹೊಟ್ಟೆಯ ಎಡಪಕ್ಕೆಯನ್ನು ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿದಳು. ಎದ್ದು ಒಳಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿದ್ದ ತಂಬಿಗೆ ಬುಸುಗುಟ್ಟುತ್ತಿತ್ತು.

"ಕುಡಿ."

"ಜೀವ ಹೋದ್ರೂ ಕುಡ್ಯಾಂಗಿಲ್ಲರಿ."

ಬೋರವ್ವ ಬಾಗಿಲಲ್ಲಿ ನಿಂತಿದ್ದ ಹಿರಿ ಸೊಸೆಯನ್ನು ನೋಡಿದಳು. "ಗೊಟ್ಟ ತೊಗೊಂಡ ಬಾ."

ಕಸ್ತೂರಿ ಎದ್ದು ಕುಳಿತು, ಮೂಗು ಹಿಡಿದುಕೊಂಡು, ತಂಬಿಗೆಯನ್ನು ಒಂದೇ ಗುಟುಕಿಗೆ ಬರಿದು ಮಾಡಿದಳು. ಸೋಡಾ, ಲಿಂಬೆ ಉಪ್ಪು, ಕೊಬ್ಬರಿ ಎಣ್ಣೆ, ಅಜವಾನ, ಇಂಗು. ಹದ ಸರಿಯಾಗಿತ್ತು, ಅದು ಅವಳಿಗೇ ಗೊತ್ತಾಯಿತು. ಮೊದಲು ಹೊಟ್ಟೆಯ ತಳದಲ್ಲಿ ಏನೋ ಗುಡುಗಿತು. ಆಮೇಲೆ ಮಧ್ಯಾಹ್ನದಿಂದ, ಅಲ್ಲ, ಮದುವೆಯಾದಾಗಿನಿಂದ ಒಳಗೆ ಕಟ್ಟಿಕೊಂಡದ್ದೆಲ್ಲ ಒಟ್ಟಿಗೆ ಎದ್ದು ಮೇಲೆ ಬಂತು. ಆ ತೇಗಿಗೆ ಶಬನಮ ಹೊಸ್ತಿಲಲ್ಲಿ ಬೆಚ್ಚಿದಳು. ಕೊಟ್ಟಿಗೆಯಲ್ಲಿದ್ದ ಎಮ್ಮೆ ಮೆಲುಕು ನಿಲ್ಲಿಸಿ ಪಡಸಾಲೆಯ ಕಡೆ ಕತ್ತು ತಿರುಗಿಸಿತು.

ಹೊಟ್ಟೆ ಹಗುರಾಯಿತು. ಎಷ್ಟು ಹುಡುಕಿದರೂ ಸಿಟ್ಟು ಎಲ್ಲಿಯೂ ಸಿಗಲಿಲ್ಲ.

"ಹೆಂಗ ಆತು?" ಎಂದಳು ಬೋರವ್ವ.

ಎಲ್ಲರೂ ನೋಡುತ್ತಿದ್ದರು. ನೆಗೆಣ್ಣಿ ಇದ್ದಳು, ಸಾಕ್ಷಿಗೆಂದು ಕರೆತಂದ ಶಬನಮ ಇದ್ದಳು, ಬಣವೆ ಬಿಟ್ಟು ಬಂದ ಮಲ್ಲಿನಾಥನೂ ಕಿಟಕಿಯಲ್ಲಿದ್ದ. ಕಸ್ತೂರಿ ಸೆರಗಿನಿಂದ ಬಾಯಿ ಒರೆಸಿಕೊಂಡು, ತಲೆ ತಗ್ಗಿಸಿ, ತಾನು ಇಷ್ಟು ವರ್ಷ ಕಾದ ಮಾತನ್ನು ತಾನೇ ಹೇಳಿದಳು.

"ಛಲೋ ಆಗೇತ್ರಿ, ಅತ್ತಿ."

ಬೋರವ್ವ ಖಾಲಿ ತಂಬಿಗೆಯನ್ನು ಎತ್ತಿಕೊಂಡು ಒಳಗೆ ನಡೆದಳು.

"ಇರ್ಲಿ ಬಿಡು."