ಫ್ಯಾನಿಲ್ಲದ ಮನೆಯ ನಕ್ಷೆ

ಎಣಿಸುವ ಚಟ ಕುಡಿತಕ್ಕಿಂತ ಅಗ್ಗ, ಆದರೆ ಮನೆಯವರಿಗೆ ಅದರ ಕಾಟ ಹೆಚ್ಚು. ನಾನು ಓದಿದ್ದು ಸಿವಿಲ್ ಡಿಪ್ಲೊಮಾ, ಮಾಡುವುದು ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸ. ಸೊಲ್ಲಾಪುರದ ಮನೆಗೆ ಬಂದರೂ ಎಣಿಕೆ ನಿಲ್ಲದು. ಕರೆಂಟ್ ಹೋದ ಗಂಟೆ, ಹಾಲು ಎಷ್ಟು ಸಲ ಉಕ್ಕಿತೆಂಬುದು, ಎಲ್ಲವೂ ಡೈರಿಯಲ್ಲಿ ತಾರೀಖಿನ ಸಮೇತ ಇವೆ. ಮಹಾಬಳೇಶ್ವರದ ಕಡೆಯ ಗುಡ್ಡದಲ್ಲಿ ಅಪ್ಪ ಕೊಂಡಿದ್ದ ತುಂಡು ಜಾಗದಲ್ಲಿ ರಜೆಗೊಂದು ಮನೆ ಕಟ್ಟುವ ಮಾತು ಬಂದಾಗ, ನಕ್ಷೆ ನನ್ನದೇ ಎಂದೆ.

ವಿದ್ಯುತ್ ಉಳಿಸುವ ಮನೆ. ದಪ್ಪ ಕಲ್ಲಿನ ಗೋಡೆ, ಎದುರುಬದುರು ಕಿಟಕಿ, ಮೇಲೆ ಸೋಲಾರ್. ಒಂಬತ್ತನೇ ನಕ್ಷೆಯನ್ನು ಅಪ್ಪ ಕನ್ನಡಕ ಏರಿಸಿ ನೋಡಿ, ಫ್ಯಾನಿನ ಹುಕ್ ಎಲ್ಲಿ ಎಂದು ಕೇಳಿದರು.

“ಅಲ್ಲಿ ಥಂಡಿ ಇರತೈತಿ ಅಪ್ಪಾ. ಫ್ಯಾನ್ ಬೇಕಾಗಂಗಿಲ್ಲ.”

“ಥಂಡಿ ಇದ್ರ ಏನಾತು? ಫ್ಯಾನ್ ಇಲ್ದಂಗ ಚಾದರ ಹೊದ್ಕೊಂಡ್ರ ನಿದ್ದಿ ಹತ್ತತೈತೇನು?”

ನಮ್ಮೂರಿನ ಮಂದಿ ಹಾಗೆಯೇ. ಫ್ಯಾನನ್ನು ಐದಕ್ಕೆ ತಿರುಗಿಸಿ, ನಮ್ಮೂರದೇ ದಪ್ಪ ಚಾದರವನ್ನು ತಲೆತನಕ ಎಳೆದುಕೊಳ್ಳುತ್ತಾರೆ. ನಾನು ಡೈರಿ ತೆಗೆದು ಓದಿದೆ: ಜನವರಿಯ ಮೂವತ್ತೊಂದು ರಾತ್ರಿಯೂ ಪಡಸಾಲೆಯಲ್ಲಿ ಫ್ಯಾನ್ ಐದರಲ್ಲಿತ್ತು, ಅಪ್ಪ-ಅವ್ವ ಇಬ್ಬರೂ ಚಾದರದೊಳಗಿದ್ದರು. “ನಾವು ಮಲಗಿದ್ದೂ ಬರಕೊಂಡಿಯೇನೋ ಹುಚ್ಚಪ್ಯಾ?” ಎಂದಳು ಅವ್ವ. ಅಪ್ಪ ಮಾತ್ರ ತೀರ್ಪು ಕೊಟ್ಟರು. ಒಂದು ಮಧ್ಯಾಹ್ನ ಅಲ್ಲಿ ಫ್ಯಾನಿಲ್ಲದೆ ಮಲಗಿ ನೋಡೋಣ, ನಿದ್ದೆ ಬಾರದಿದ್ದರೆ ಜಾಗ ಮಾರಿಬಿಡುವುದು.

ಭಾನುವಾರ ಜಾಗದ ಹತ್ತಿರವೇ ಒಂದು ಬಾಡಿಗೆ ಕೋಣೆ ಹಿಡಿದೆವು. ಕಟ್ಟಿಕೊಂಡು ಹೋದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಮೂರು ಮಂಚ, ಮೂರು ಚಾದರ. ನಾನು ಪೆನ್ನು ಹಿಡಿದೇ ಮಲಗಿದೆ. ಅಪ್ಪನ ಗೊರಕೆ ಹನ್ನೊಂದನೇ ನಿಮಿಷಕ್ಕೆ, ಅವ್ವನದು ಹದಿನಾಲ್ಕಕ್ಕೆ. ಜಾಗ ಉಳಿಯಿತು ಎಂದು ಸಮಾಧಾನದಿಂದ ಕಣ್ಣು ಮುಚ್ಚಿದೆ. ನಿದ್ದೆ ಬರಲಿಲ್ಲ. ಅಷ್ಟೊಂದು ನಿಶ್ಶಬ್ದದಲ್ಲಿ ಎಣಿಸಲು ಏನೂ ಇರಲಿಲ್ಲ. ಮನೆಯಲ್ಲಿ ನನ್ನ ಕೋಣೆಯ ಫ್ಯಾನ್ ಸುತ್ತಿಗೊಮ್ಮೆ ಟಕ್ ಅನ್ನುತ್ತದೆ. ಆ ಟಕ್ಕುಗಳನ್ನು ಎಣಿಸುತ್ತಲೇ ನಾನು ಮಲಗುವುದು ಎಂದು ಆಗ ಹೊಳೆಯಿತು. ಡೈರಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ನಾಲ್ಕಕ್ಕೆ ಎದ್ದ ಅಪ್ಪ ಮೈಮುರಿದು, ನಕ್ಷೆ ಪಾಸ್ ಎಂದರು. ನನ್ನ ಕೆಂಪು ಕಣ್ಣು ನೋಡಿ, “ಇಂಜಿನಿಯರ್ ಸಾಹೇಬ್ರು ಮಲಗಲಿಲ್ಲೇನ್ರಿ?” ಎಂದು ಕೇಳಿದರು. ಲೆಕ್ಕ ಬರೆಯುತ್ತಿದ್ದೆ ಎಂದೆ.

ಹತ್ತನೇ ನಕ್ಷೆಯಲ್ಲಿ ಇಡೀ ಮನೆಗೆ ಒಂದೇ ಹುಕ್ ಇದೆ, ನನ್ನ ಮಂಚದ ಮೇಲೆ. ಪಕ್ಕದಲ್ಲಿ ‘ಬಳ್ಳಿ ತೂಗುಹಾಕಲು’ ಎಂದು ಅಚ್ಚುಕಟ್ಟಾಗಿ ಬರೆದೆ. ಅವ್ವ ಓದಿ, ಬಳ್ಳಿಗೆ ವೈರ್ ಯಾಕೆ ಎಳೆದಿರುವೆ ಎಂದಷ್ಟೇ ಕೇಳಿದಳು.